ಹೈವ್‌ನಾಗ ನನ್ನ ಪೋಸ್ಟಿನ ರೊಕ್ಕ ಸೊನ್ನೆ ಆಗ್ಯದ, ಯಾಕಂತ ಹೇಳ್ರಿ

ತೊಗರಿಕಣಜ, ಕಲಬುರಗಿ:
ಮಂದಿ ಹಾಕೋ ವೋಟಿನ ಮ್ಯಾಲ ಬರದವರಿಗೆ ರೊಕ್ಕ ಕೊಡೋ ಹೈವ್ ಜಾಲದಾಗ ಬೀದರದ ನೌಬಾದ್ ಸುರಂಗ ಬಾವಿ ಮ್ಯಾಲ ಬರ್ದಿದ್ದೆ. ಮೂರು ದಿನ ತಿರುಗೀನಿ, ಫೋಟೋ ಎಲ್ಲಾ ನಾನೇ ತೆಗದದ್ದು. ನಿನ್ನೆ ತನಕ 4 ಡಾಲರ್ ಮ್ಯಾಲ ತೋರಸ್ತಿತ್ತು, ಮುಂಜಾನೆ ನೋಡಿದ್ರ 0.00. ಆ್ಯಪ್ ತೆಗದು ಮತ್ತ ಹಾಕಿದೆ, ಅಷ್ಟೇ ಅದ. ಹೊಟ್ಟಿ ಉರೀಲಕತ್ತದ.

ಭೀಮಾತೀರ:
ವೋಟಿಂಗ್ ಪವರ್ (ನೀ ಹಾಕೋ ವೋಟಿನ ಬಲ) ಎಷ್ಟದ? ಪೂರ್ತಿ ವೋಟ್ ಒಂದಕ್ಕ 2% ಇಳೀತದ, ದಿನಕ್ಕ 20% ಅಷ್ಟೇ ತುಂಬ್ತದ.

ತೊಗರಿಕಣಜ:
31%.

ಭೀಮಾತೀರ:
ಸಿಕ್ತು ನೋಡು. ನಾಕು ದಿನ ಯಾರಿಗೂ ವೋಟ್ ಹಾಕಬ್ಯಾಡ, ತಾನೇ ಸರಿ ಆಗ್ತದ.

ಕರೇಜ್‌ಬೀದರ್:
ಅಣ್ಣಾ, ಪವರ್ ಇಳದ್ರ ಅವರು ಮಂದಿಗೆ ಹಾಕೋ ವೋಟಿನ ಬೆಲೆ ಇಳೀತದ. ಅವರಿಗೆ ಬಂದದ್ದು ಹೆಂಗ ಹೋಗ್ತದ? ಯಾರ್ಯಾರು ವೋಟ್ ಹಾಕ್ಯಾರ ಆ ಪಟ್ಟಿ ತೋರಸ್ರಿ.

ಭೀಮಾತೀರ:
ನಾ ಹೈವ್ ಹುಟ್ಟೋಕಿಂತ ಮೊದಲಿನ ಸ್ಟೀಮಿಟ್ ಸೈಟಿನ ಕಾಲದಿಂದ ಅದೀನಿ ತಮ್ಮಾ. ಪವರ್‌ದೇ ಸಮಸ್ಯೆ. ಈಗ ಎಷ್ಟದ ನೋಡಿ ಹೇಳು.

ತೊಗರಿಕಣಜ:
34%. ರೊಕ್ಕ ಸೊನ್ನೇನೇ ಅದ. ಪಟ್ಟಿಯೊಳಗ ಹನ್ನೊಂದು ಖಾತೆ ನಮ್ಮ ದೋಸ್ತರವು. ಕಡೀಗೆ ಬಾಳ ನಾಣ್ಯ ಇದ್ದ ಒಂದು ದೊಡ್ಡ ಖಾತೆ ಡೌನ್‌ವೋಟ್ (ರೊಕ್ಕ ಇಳಸೋ ವೋಟ್) ಒತ್ಯದ. ಅವಗ ಕನ್ನಡಾನೂ ಬರೂದಿಲ್ಲ!

ಶಹಾಪುರಬೆಟ್ಟ:
ಡೌನ್‌ವೋಟ್ ಅನ್ನೋದೇ ತೆಗದು ಹಾಕಬೇಕ್ರಿ. ರೊಕ್ಕ ಇದ್ದವನ ಮಾತೇ ನ್ಯಾಯ ಆಗ್ಯದ.

ಕರೇಜ್‌ಬೀದರ್:
ತೆಗದ್ರ ನಿಮಗೇ ನಷ್ಟ. ಎಲ್ಲಾರಿಗೂ ಬರೋದು ಒಂದೇ ಕಣಜದಿಂದ. ಒಬ್ಬರು ಹೆಚ್ಚಿಗಿ ತುಂಬಕೊಂಡ್ರ ಉಳದವರಿಗೆ ಅಷ್ಟು ಕಮ್ಮಿ. ಮೊದಲ ಡೌನ್‌ವೋಟ್ ಹಾಕಿದವರ ಸ್ವಂತ ವೋಟ್ ಖರ್ಚಾಗ್ತಿತ್ತು, ಹಂಗಾಗಿ ಯಾರೂ ಹಾಕ್ತಿದ್ದಿಲ್ಲ, ವೋಟ್ ಮಾರೋ ಬಾಟ್‌ಗಳದೇ ರಾಜ್ಯ ಇತ್ತು. 2019ರ ಆಗಸ್ಟ್‌ನಾಗ ಸ್ಟೀಮ್‌ದಾಗ (ಸ್ಟೀಮಿಟ್ ನಡೆಯೋ ಜಾಲ) ಡೌನ್‌ವೋಟಿಗೆ ಅಂತ ವೋಟಿಂಗ್ ಪವರಿನ 25% ಅಷ್ಟು ಪಾಲು ಬ್ಯಾರೆ ಇಟ್ಟರು.

ಶಹಾಪುರಬೆಟ್ಟ:
ಅದೇ ಸ್ಟೀಮ್‌ದಾಗ 2020ರೊಳಗ ನಾಣ್ಯ ಕೊಡ-ಕೊಳ್ಳೋ ಎಕ್ಸ್‌ಚೇಂಜಿನವರು ಗಿರಾಕಿಗಳು ಇಟ್ಟ ನಾಣ್ಯದಿಂದ ಜಾಲ ನಡಸೋವರನ್ನ ಆರಿಸೋ ವೋಟ್ ಒತ್ತಿದ್ರು. ಅದಕ್ಕೇ ಮಾರ್ಚ್ 20ಕ್ಕ ಹೈವ್ ಬ್ಯಾರೆ ಆಯ್ತು. ಇಲ್ಲಿ ಅಷ್ಟೇ ನ್ಯಾಯ ಅದ ಅಂತೀರಿ?

ಭೀಮಾತೀರ:
ಆ ಜಗಳದಾಗ ನಾನೂ ಇದ್ದೆ. ಈಗ ಮನ್ಯಾಗೇ ನೋಡ್ (ಹೈವ್ ಜಾಲದ ಕಂಪ್ಯೂಟರ್) ನಡಸ್ತೀನಿ, ಇನ್ವರ್ಟರಿಗೆ ಎರಡು ಬ್ಯಾಟರಿ. ಮೇ ತಿಂಗಳ ಕಲಬುರಗಿ ಬಿಸಿಲಿಗೂ ಒಮ್ಮಿನೂ ಬಂದ್ ಬಿದ್ದಿಲ್ಲ.

ಶಹಾಪುರಬೆಟ್ಟ:
ಯಾವ ಬ್ಯಾಟರಿ ರೀ? ನಂದು ಎರಡು ವರ್ಷಕ್ಕೇ ಹೋಯ್ತು.

ಕರೇಜ್‌ಬೀದರ್:
ಬ್ಯಾಟರಿ ಆಮ್ಯಾಲ. ತೊಗರಿಕಣಜ ಅವರ, ಹನ್ನೊಂದೂ ವೋಟ್ ಪೋಸ್ಟ್ ಹಾಕಿ ಎಷ್ಟು ಹೊತ್ತಿಗೆ ಬಿದ್ದಾವ?

ತೊಗರಿಕಣಜ:
ಅರ್ಧ ನಿಮಿಷದಾಗ. ಒಂದು ಆಟೋ ವೋಟ್ ಸೈಟಿಗೆ ಪರ್ಮಿಷನ್ ಕೊಟ್ಟೀವಿ, ಒಬ್ಬರು ಹಾಕಿದ್ರ ಎಲ್ಲಾರದೂ ಬೀಳ್ತದ. ಎಲ್ಲಾರೂ ಹಿಂಗೇ ಮಾಡ್ತಾರ ಅಂತ ಹೇಳಿದ್ದಿಲ್ಲ. ಅದ್ರಾಗ ಎರಡು ಖಾತೆ ನನ್ನವೇ.

ಕರೇಜ್‌ಬೀದರ್:
ಇದು ಮೊದಲೇ ಹೇಳಬೇಕಿತ್ರಿ. ಅವೇ ಹನ್ನೊಂದು ಖಾತೆ ದಿನಾ ಒಂದಕ್ಕೊಂದು ಒತ್ತಿದ್ರ ನೋಡಿದವರಿಗೆ ಗ್ಯಾಂಗ್ ಅಂತೇ ಕಾಣ್ತದ. ಲಗೂ ಒತ್ತಿದ್ರ ಲಾಭಾನೂ ಇಲ್ಲ, 2021ರ ಜೂನ್‌ದಿಂದ ವೋಟ್ ಹಾಕಿದವರಿಗೆ ಸಿಗೋ ಪಾಲಿಗೆ ಮೊದಲ 24 ತಾಸಿನ ವೋಟಿಗೆಲ್ಲಾ ಒಂದೇ ಲೆಕ್ಕ. ನಿಮ್ಮ ಬರಹ ಖರೇನೇ ಛಂದ ಅದ, ನಾ ಈಗ ಓದಿ ಬಂದೆ. ಆ ಸೈಟಿನ ಪರ್ಮಿಷನ್ ತೆಗೀರಿ, ಅದಕ್ಕ ಆ್ಯಕ್ಟಿವ್ ಕೀ (ಖಾತೆಯ ದೊಡ್ಡ ಗುಪ್ತ ಕೀಲಿ) ಬೇಕು. ತೆಗದು ಡೌನ್‌ವೋಟ್ ಹಾಕಿದವರಿಗೆ ಕಾಮೆಂಟಿನ್ಯಾಗ ಇದ್ದದ್ದು ಇದ್ದಂಗ ಹೇಳ್ರಿ. ಪೋಸ್ಟಿಗೆ ಏಳು ದಿನ ತುಂಬಿ ರೊಕ್ಕ ಹಂಚೋದ್ರಾಗ ಅವರು ವಾಪಸ್ ತಗೊಂಡ್ರ ಆಯ್ತು, ಆಮ್ಯಾಲ ಏನೂ ಮಾಡ್ಲಿಕ್ಕ ಬರೂದಿಲ್ಲ.

ತೊಗರಿಕಣಜ:
ನಾಳಿ ಸಂಜೀಕ ಏಳು ದಿನ ಆಗ್ತದ. ನನ್ನ ಬಲ್ಲಿ ಪೋಸ್ಟಿಂಗ್ ಕೀ (ಪೋಸ್ಟ್, ವೋಟ್ ಹಾಕೋ ಸಣ್ಣ ಕೀಲಿ) ಅಷ್ಟೇ ಅದ. ಖಾತೆ ಮಾಡಿಕೊಟ್ಟ ದೋಸ್ತ ಪುಣೆದಾಗ ಇದ್ದಾನ, ಫೋನ್ ಎತ್ತವಲ್ಲ.

ಭೀಮಾತೀರ:
ಪವರ್ ಎಷ್ಟಾಯ್ತು ಈಗ?