ಒಂಟಿ ಕಾಲಿನಲ್ಲಿ ನಿಂತಾಗ ಸೊಂಟ ಸಮವಾಗಿರುವುದು ಯಾವ ಸ್ನಾಯುಗಳಿಂದ?

ಪ್ರಶ್ನೆ:
ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್ ಸ್ನಾಯುಗಳು ತೊಡೆಯನ್ನು ಪಕ್ಕಕ್ಕೆ ಎತ್ತುತ್ತವೆ ಎಂದು ಅಂಗರಚನಾಶಾಸ್ತ್ರದ ಪಾಠದಲ್ಲಿ ಓದಿದೆ. ನಡೆಯುವಾಗ ನಾವು ಕಾಲನ್ನು ಪಕ್ಕಕ್ಕೆ ಎತ್ತುವುದೇ ಇಲ್ಲ. ಹೀಗಿರುವಾಗ ಈ ಸ್ನಾಯುಗಳು ದುರ್ಬಲವಾದರೆ ನಡಿಗೆ ಏಕೆ ಕೆಡುತ್ತದೆ? ತೊಡೆಯ ದೊಡ್ಡ ಸ್ನಾಯುಗಳು ಆ ಕೊರತೆಯನ್ನು ತುಂಬಲಾರವೇ?

ಉತ್ತರ 1:
ಸ್ನಾಯು ಸಂಕುಚಿಸಿದಾಗ ತನ್ನ ಎರಡೂ ತುದಿಗಳನ್ನು ಎಳೆಯುತ್ತದೆ. ಯಾವುದು ಚಲಿಸಬೇಕೆಂಬುದು ಯಾವ ತುದಿ ಸ್ಥಿರವಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಈ ಎರಡು ಸ್ನಾಯುಗಳು ಶ್ರೋಣಿಯ (ಸೊಂಟದ ಮೂಳೆಗಳ ಬಳೆಯ) ಮೇಲ್ಭಾಗದ ಅಗಲ ಮೂಳೆಯಾದ ಇಲಿಯಂನ ಹೊರಮುಖದಿಂದ ಹೊರಟು, ತೊಡೆಮೂಳೆಯ ಮೇಲ್ತುದಿಯ ಹೊರಬದಿಯಲ್ಲಿರುವ ದೊಡ್ಡ ಉಬ್ಬಿಗೆ ಸೇರುತ್ತವೆ. ಪಾದ ಗಾಳಿಯಲ್ಲಿದ್ದರೆ ತೊಡೆ ಪಕ್ಕಕ್ಕೆ ಏಳುತ್ತದೆ. ಪಾದ ನೆಲದಲ್ಲಿ ಊರಿದ್ದರೆ ತೊಡೆ ಅಲುಗದೆ, ಶ್ರೋಣಿಯೇ ಆ ಬದಿಗೆ ಎಳೆಯಲ್ಪಡುತ್ತದೆ.

ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಒಂದು ಕಾಲು ನೆಲ ಬಿಡುತ್ತದೆ; ಆಗ ಆ ಬದಿಯ ಸೊಂಟ ಕೆಳಗೆ ಕುಸಿಯದಂತೆ ತಡೆಯುವುದು ಊರಿದ ಕಾಲಿನ ಬದಿಯ ಈ ಸ್ನಾಯುಗಳು. ಇದು ಸಣ್ಣ ಕೆಲಸವಲ್ಲ. ದೇಹದ ಭಾರ ಬೀಳುವ ರೇಖೆ ಸೊಂಟದ ಕೀಲಿನಿಂದ ಸ್ನಾಯುವಿಗಿಂತ ಹೆಚ್ಚು ದೂರದಲ್ಲಿರುವುದರಿಂದ, ಸಮತೋಲಕ್ಕಾಗಿ ಸ್ನಾಯು ದೇಹದ ತೂಕವನ್ನೂ ಮೀರಿದ ಬಲದಿಂದ ಎಳೆಯಬೇಕಾಗುತ್ತದೆ. ಎರಡೂ ಬಲಗಳು ಸೇರಿ ಕೀಲಿನ ಮೇಲೆ ಸುಮಾರು 2.5 ಪಟ್ಟು ದೇಹತೂಕದ ಒತ್ತಡ ಬೀಳುತ್ತದೆ. ನೋವಿರುವ ಸೊಂಟದ ವಿರುದ್ಧ ಬದಿಯ ಕೈಯಲ್ಲಿ ಊರುಗೋಲು ಹಿಡಿಯಬೇಕೆನ್ನುವುದಕ್ಕೆ ಕಾರಣವೂ ಇದೇ: ಕೋಲಿನ ಅಲ್ಪ ಆಸರೆಯೂ ಕೀಲಿನಿಂದ ಬಹು ದೂರದಲ್ಲಿ ಕೆಲಸ ಮಾಡುವುದರಿಂದ ಸ್ನಾಯುವಿನ ಹೊರೆಯನ್ನು ಗಣನೀಯವಾಗಿ ಇಳಿಸುತ್ತದೆ.

ಉತ್ತರ 2:
ತೊಡೆಯ ಸ್ನಾಯುಗಳ ಬಗ್ಗೆ ಕೇಳಿದ್ದೀರಿ. ಅವುಗಳಲ್ಲಿ ಬಹುಪಾಲು ಮುಂದಕ್ಕೆ, ಹಿಂದಕ್ಕೆ ಅಥವಾ ಒಳಬದಿಗೆ ಎಳೆಯುವಂಥವು. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ನ ನಾಲ್ಕು ಮುಖ್ಯ ಭಾಗಗಳಲ್ಲಿ ರೆಕ್ಟಸ್ ಫೆಮೊರಿಸ್ ಮಾತ್ರ ಸೊಂಟದ ಕೀಲನ್ನು ದಾಟುತ್ತದೆ. ಉಳಿದ ಮೂರು ತೊಡೆಮೂಳೆಯಿಂದಲೇ ಹೊರಟು ಮಂಡಿಯನ್ನು ನೇರಗೊಳಿಸುತ್ತವೆ. ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು, ಬೈಸೆಪ್ಸ್ ಫೆಮೊರಿಸ್‌ನ ಗಿಡ್ಡ ಕವಲೊಂದನ್ನು ಬಿಟ್ಟರೆ, ನಾವು ಕುಳಿತಾಗ ಭಾರ ಹೊರುವ ಮೂಳೆಯಿಂದ ಹೊರಟು ಸೊಂಟ ಮತ್ತು ಮಂಡಿ ಎರಡನ್ನೂ ದಾಟುತ್ತವೆ. ಪೃಷ್ಠದ ದೊಡ್ಡ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್ ಕೂಡ ಮೆಟ್ಟಿಲು ಹತ್ತುವಾಗ ಮತ್ತು ಓಡುವಾಗ ದುಡಿಯುವಷ್ಟು ಸಮತಟ್ಟಿನ ನಡಿಗೆಯಲ್ಲಿ ದುಡಿಯುವುದಿಲ್ಲ. ಪಕ್ಕದ ಹಿಡಿತಕ್ಕೆ ನಿಜವಾಗಿ ನೆರವಾಗುವುದು ಸೊಂಟದ ಮುಂಭಾಗದ ಹೊರಬದಿಯಲ್ಲಿರುವ ಟೆನ್ಸರ್ ಫೇಷಿಯೆ ಲೇಟೆ ಎಂಬ ಸಣ್ಣ ಸ್ನಾಯು. ಆದರೆ ಒಂಟಿಯಾಗಿ ಅದು ಸಾಲದು.

ಉತ್ತರ 3:
ಮೇಲಿನ ಮೂರೂ ಸ್ನಾಯುಗಳಿಗೆ, ಅಂದರೆ ಮೀಡಿಯಸ್, ಮಿನಿಮಸ್ ಮತ್ತು ಟೆನ್ಸರ್‌ಗೆ, ಸುಪೀರಿಯರ್ ಗ್ಲೂಟಿಯಲ್ ಎಂಬ ಒಂದೇ ನರದ ಸಂಪರ್ಕವಿದೆ. ಆದ್ದರಿಂದ ಆ ನರಕ್ಕೆ ಪೆಟ್ಟಾದರೆ ಮೂರೂ ಒಟ್ಟಿಗೆ ಸೋಲುತ್ತವೆ. ರೋಗಿ ಒಂಟಿ ಕಾಲಿನಲ್ಲಿ ನಿಂತಾಗ ಎತ್ತಿದ ಕಾಲಿನ ಬದಿಯ ಸೊಂಟ ಇಳಿದರೆ ದೋಷವಿರುವುದು ನಿಂತ ಕಾಲಿನ ಬದಿಯಲ್ಲಿ. ಕಲಿಯುವವರು ಎಡವುವುದು ಇಲ್ಲಿಯೇ. ಹಲವರು ನಡೆಯುವಾಗ ಮುಂಡವನ್ನು ದುರ್ಬಲ ಬದಿಗೆ ವಾಲಿಸಿ, ಭಾರದ ರೇಖೆಯನ್ನು ಕೀಲಿನ ಹತ್ತಿರಕ್ಕೆ ತಂದುಕೊಂಡು ಸರಿದೂಗಿಸುತ್ತಾರೆ.

ಜರ್ಮನ್ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಈ ಲಕ್ಷಣವನ್ನು ವಿವರಿಸಿದ್ದು ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದವರ ನಡಿಗೆಯನ್ನು ಗಮನಿಸಿ. ಅಲ್ಲಿ ನರ ಚೆನ್ನಾಗಿಯೇ ಇರಬಹುದು. ಆಧಾರಬಿಂದುವಾದ ಕೀಲು ಸ್ಥಾನ ಬಿಟ್ಟಿರುವುದರಿಂದ ಸ್ನಾಯುವಿನ ಎಳೆತ ಫಲಿಸುವುದಿಲ್ಲ. ಹೀಗಾಗಿ ಸೊಂಟ ಇಳಿದುದನ್ನು ಕಂಡ ಮಾತ್ರಕ್ಕೆ ಸ್ನಾಯುವಿನ ವ್ಯಾಯಾಮ ಆರಂಭಿಸದೆ, ಕೀಲು ಮತ್ತು ತೊಡೆಮೂಳೆಯ ಕತ್ತು ಸುಸ್ಥಿತಿಯಲ್ಲಿವೆಯೇ ಎಂಬುದನ್ನು ಮೊದಲು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು.