ದಿರೆಕ್ತ್ವಾರ್ ಅಂದ್ರೆ ಸರ್ಕಾರವೋ, ಉಡುಪಿನ ಶೈಲಿಯೋ?

ಹೊಲಿಗೆಮನೆ:
ಎಲ್ಲರಿಗೂ ನಮಸ್ಕಾರ. ಒಂದು ಹವ್ಯಾಸಿ ನಾಟಕ ತಂಡಕ್ಕೆ ಬಟ್ಟೆ ಹೊಲಿದು ಕೊಡುತ್ತಿದ್ದೇನೆ. ಕತೆ ನಡೆಯೋದು 1797ರ ಪ್ಯಾರಿಸ್‌ನಲ್ಲಿ. ಹೆಂಗಸರ ಪಾತ್ರಗಳಿಗೆ ದಿರೆಕ್ತ್ವಾರ್ ಗೌನ್ ಬೇಕು ಅಂದರು. ಹುಡುಕಿದರೆ ಒಂದು ಕಡೆ ಅದು ಫ್ರಾನ್ಸಿನ ಸರ್ಕಾರ ಅಂತ ಬರುತ್ತದೆ, ಇನ್ನೊಂದು ಕಡೆ ಎದೆಯ ಕೆಳಗೇ ಪಟ್ಟಿ ಕಟ್ಟಿದ ಬಿಳಿ ಗೌನ್ ಚಿತ್ರ, ಮತ್ತೊಂದು ಕಡೆ ಕುರ್ಚಿ, ಮೇಜು! ಎಲ್ಲಾ ಒಂದೇ ಪದಾನಾ? ಎಂಪೈರ್ ಗೌನ್ ಅಂತಾರಲ್ಲ, ಅದೂ ಇದೇನಾ? ಸ್ಯಾಟಿನ್ ಐದು ಮೀಟರ್ ಆಗಲೇ ತಂದಿಟ್ಟಿದ್ದೇನೆ, ತಪ್ಪು ಬಟ್ಟೆ ತಂದೆನಾ ಅಂತ ಭಯ ಶುರುವಾಗಿದೆ.

ಹಳೇಪುಟ:
ಪದ ಒಂದೇ, ಮೊದಲು ಸರ್ಕಾರದ ಹೆಸರು. ಆ ಸರ್ಕಾರ ಇದ್ದ ನಾಲ್ಕು ವರ್ಷದ ಉಡುಪಿಗೂ ಪೀಠೋಪಕರಣಕ್ಕೂ ಆಮೇಲೆ ಅದೇ ಹೆಸರು ಅಂಟಿಕೊಂಡಿತು. ಕ್ರಾಂತಿಯ ಹೊತ್ತಲ್ಲಿ ಭಯದ ಆಳ್ವಿಕೆ ನಡೆಸಿದ ರೋಬೆಸ್ಪಿಯರ್ 1794ರ ಜುಲೈನಲ್ಲಿ ತಾನೇ ಗಿಲೊಟಿನ್‌ಗೆ (ತಲೆ ಕತ್ತರಿಸುವ ಯಂತ್ರ) ಹೋದ ಮೇಲೆ, ಅಧಿಕಾರ ಮತ್ತೆ ಒಬ್ಬನ ಕೈಗೆ ಸಿಗಬಾರದು ಅಂತ 1795ರ ಸಂವಿಧಾನದಲ್ಲಿ ಐದು ಜನ ಡೈರೆಕ್ಟರುಗಳನ್ನು ಇಟ್ಟರು. ನಲವತ್ತು ವರ್ಷ ಆಗಿರಲೇಬೇಕು, ವರ್ಷಕ್ಕೊಬ್ಬರು ಚೀಟಿ ಎತ್ತಿ ಹೊರಗೆ ಹೋಗಬೇಕು. ಕಾನೂನು ಮಾಡೋಕೆ ಬೇರೆ ಎರಡು ಸಭೆ, ಒಂದರಲ್ಲಿ 500 ಜನ, ಇನ್ನೊಂದರಲ್ಲಿ 250. ಈ ಐವರಲ್ಲಿ ಕೊನೆವರೆಗೂ ಉಳಿದವನು ಬರಾಸ್ ಒಬ್ಬನೇ. 1799ರ ನವೆಂಬರ್‌ನಲ್ಲಿ ನೆಪೋಲಿಯನ್ ಬಂದು ಎಲ್ಲವನ್ನೂ ಮುಗಿಸಿದ.

ನಾಟಕಕ್ಕೆ ಬೇಕಾದ ಮುಖ್ಯ ವಿಷಯ ಇದು: ಜನ ಭಯದಿಂದ ಆಚೆ ಬಂದಿದ್ದರು, ಆದರೆ ಹೊಟ್ಟೆಗೆ ಇರಲಿಲ್ಲ. ಅಸಿನ್ಯಾ ಅನ್ನೋ ಕಾಗದದ ನೋಟು ಕಸಕ್ಕೆ ಸಮ ಆಗಿ, 1796ರ ಫೆಬ್ರವರಿಯಲ್ಲಿ ಅದನ್ನು ಅಚ್ಚು ಹಾಕುವ ಸಾಮಾನನ್ನೇ ಪ್ಯಾರಿಸ್‌ನ ವಾಂದೋಮ್ ಚೌಕದಲ್ಲಿ ಎಲ್ಲರೆದುರು ನಾಶ ಮಾಡಿದರು. ಅದೇ ಊರಲ್ಲಿ ಇನ್ನೊಂದು ಕಡೆ ದುಡ್ಡಿದ್ದವರ ಕುಣಿತ. ಆ ಗೌನ್ ಹಾಕಿದ್ದು ಈ ದುಡ್ಡಿದ್ದವರು. ನಿಮ್ಮ ಪಾತ್ರ ರೊಟ್ಟಿಗೆ ಸಾಲಲ್ಲಿ ನಿಂತವಳಾದರೆ ಅವಳಿಗೆ ಈ ಗೌನ್ ಕೊಡಬೇಡಿ, ದಯವಿಟ್ಟು.

ಮಗ್ಗದಮಗಳು:
ಸ್ಯಾಟಿನ್ ಬೇಡ ಅಕ್ಕಾ. ಬೇಕಾಗಿರೋದು ಮಸ್ಲಿನ್. ಅಂಗಡಿಯಲ್ಲಿ ಮಲ್ ಕಾಟನ್ ಅಂತ ಕೇಳಿ, ಬಿಳಿದು, ಕೈಯಲ್ಲಿ ಹಿಡಿದರೆ ಬೆರಳು ಕಾಣಬೇಕು. ಆಗ ಪ್ಯಾರಿಸ್‌ಗೆ ಹೋಗುತ್ತಿದ್ದ ಒಳ್ಳೆ ಮಸ್ಲಿನ್ ನಮ್ಮ ಬಂಗಾಳದ್ದು, ಢಾಕಾ ಕಡೆ ನೇಯ್ದದ್ದು. ಇದನ್ನು ಹೇಳುವಾಗ ನನಗೆ ನಿಜವಾಗಲೂ ಹೆಮ್ಮೆ ಆಗುತ್ತದೆ.

ಕಟಿಂಗ್ ನೋಡಿ. ಸೊಂಟದ ಗೆರೆ ಎದೆಯ ಕೆಳಗೇ. ಮುಂದೆ ಕುತ್ತಿಗೆಗೆ ಒಂದು ಲಾಡಿ, ಎದೆ ಕೆಳಗೆ ಇನ್ನೊಂದು ಲಾಡಿ, ಎಳೆದರೆ ಸಣ್ಣ ನೆರಿಗೆ ತಾನಾಗಿ ಬೀಳಬೇಕು. ಬೆನ್ನಿನ ಭಾಗ ತುಂಬಾ ಕಿರಿದು, ಹಾಗಾಗಿ ತೋಳು ಹಿಂದಕ್ಕೆ ಎಳೆದ ಹಾಗೆ ಕೂರುತ್ತದೆ, ಈ ಒಂದು ವಿಷಯ ಬಿಟ್ಟರೆ ಅದು ಸುಮ್ನೆ ನೈಟಿ ಥರ ಕಾಣುತ್ತದೆ. ಹಿಂದೆ ಸ್ವಲ್ಪ ನೆಲಕ್ಕೆ ಎಳೆಯೋ ಸೆರಗಿನಂಥ ಬಾಲ ಬಿಡಿ. ಇಷ್ಟು ತೆಳು ಬಟ್ಟೆಗೆ ಜೇಬು ಕೂರಲ್ಲ ಅಲ್ವಾ, ಅದಕ್ಕೇ ಕೈಯಲ್ಲಿ ಪುಟ್ಟ ಚೀಲ ಬಂತು, ಒಂದು ಹೊಲಿದು ಕೊಡಿ.

ಎಂಪೈರ್ ಅಂದರೆ 1804ರ ನಂತರ, ನೆಪೋಲಿಯನ್ ಚಕ್ರವರ್ತಿ ಆದ ಮೇಲಿನದು. ಗೆರೆ ಅದೇ, ಬಟ್ಟೆ ಭಾರ. ಲಿಯೋನ್ ಊರಿನ ರೇಷ್ಮೆ ಮಗ್ಗಗಳು ನಡೀಲಿ ಅಂತ ಅವನು ಒತ್ತಾಯ ಮಾಡಿದ. ನಿಮ್ಮ ಸ್ಯಾಟಿನ್ ಆ ಕಾಲಕ್ಕೆ ಸರಿಹೋಗುತ್ತದೆ, ಎತ್ತಿಡಿ.

ಹಳೇಪುಟ:
ಒಂದು ಸೇರಿಸುತ್ತೇನೆ. ಈ ಗೌನ್ ಏಕಾಏಕಿ 1795ರಲ್ಲಿ ಹುಟ್ಟಿದ್ದಲ್ಲ. ರಾಣಿ ಮರೀ ಆಂತ್ವಾನೆತ್ ಬಿಳಿ ಮಸ್ಲಿನ್ ಗೌನ್ ಹಾಕಿದ ಚಿತ್ರವನ್ನು 1783ರಲ್ಲೇ ವಿಜೇ ಲ ಬ್ರನ್ ಬರೆದಿದ್ದರು. ಒಳ ಉಡುಪಲ್ಲಿ ಕೂತ ಹಾಗಿದೆ ಅಂತ ಗಲಾಟೆ ಆಗಿ ಪ್ರದರ್ಶನದಿಂದ ಅದನ್ನು ತೆಗೆಸಿದರು. ರಾಣಿಗೆ ಬೈಸಿದ ಬಟ್ಟೆಯನ್ನೇ ಹನ್ನೆರಡು ವರ್ಷದ ಮೇಲೆ ಗಣರಾಜ್ಯದ ಹೆಂಗಸರು, ತೆರೆಸಾ ತಾಲ್ಯಾನ್ ಥರದವರು, ಗ್ರೀಕ್ ಪ್ರತಿಮೆ ನೆನಪಿಸುವ ಹಾಗೆ ತೊಟ್ಟು ಓಡಾಡಿದರು. ಬಟ್ಟೆ ನೆನೆಸಿ ಮೈಗೆ ಅಂಟಿಸಿಕೊಳ್ಳುತ್ತಿದ್ದರು ಅನ್ನೋ ಕತೆಯನ್ನು ಮಾತ್ರ ನಾಟಕಕ್ಕೆ ತರಬೇಡಿ, ಅದಕ್ಕೆ ಗಟ್ಟಿ ಆಧಾರ ಇಲ್ಲ.

ಕಾವೇರಿತೀರ:
ನಮ್ಮ ಶ್ರೀರಂಗಪಟ್ಟಣಕ್ಕೂ ಈ ಸರ್ಕಾರಕ್ಕೂ ಸಂಬಂಧ ಇದೆ. ಟಿಪ್ಪು ಫ್ರೆಂಚರ ಸಹಾಯ ಕೇಳಿ ಮಾರಿಷಸ್‌ಗೆ ರಾಯಭಾರಿಗಳನ್ನು ಕಳಿಸಿದ್ದು ಇದೇ ದಿರೆಕ್ತ್ವಾರ್ ಕಾಲದಲ್ಲಿ. 1798ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಮಲಾರ್ತಿಕ್ ಅದನ್ನು ಬಹಿರಂಗವಾಗಿ ಸಾರಿಬಿಟ್ಟ, ಸಹಾಯಕ್ಕೆ ಅಂತ ಮಂಗಳೂರಿಗೆ ಬಂದು ಇಳಿದದ್ದು ನೂರು ಜನವೂ ಇಲ್ಲ, ಇಂಗ್ಲಿಷರಿಗೆ ಯುದ್ಧಕ್ಕೆ ನೆಪ ಸಿಕ್ಕಿತು. 1799ರ ಮೇ 4ಕ್ಕೆ ಟಿಪ್ಪು ಹೋದ, ಆರು ತಿಂಗಳಿಗೆ ಆ ಸರ್ಕಾರವೂ ಹೋಯಿತು.

ಹೊಲಿಗೆಮನೆ:
ತುಂಬಾ ಥ್ಯಾಂಕ್ಸ್. ನಾಳೆ ಮಲ್ ತರುತ್ತೇನೆ. ಮೇಲೆ ಕಾಶ್ಮೀರಿ ಶಾಲು ಹಾಕಬಹುದಾ?

ಮಗ್ಗದಮಗಳು:
ಶಾಲು ಜೋರಾಗಿ ಚಾಲ್ತಿಗೆ ಬಂದದ್ದು 1798ರಲ್ಲಿ ಶುರುವಾದ ನೆಪೋಲಿಯನ್‌ನ ಈಜಿಪ್ಟ್ ದಂಡಯಾತ್ರೆ ಆದ ಮೇಲೆ. ನಿಮ್ಮ ಕತೆ 1797ರದ್ದು, ಹಾಗಾಗಿ ಬಿಡಿ. ಲಾಡಿಗೆ ಅದೇ ಮಲ್ ಬಟ್ಟೆಯ ಪಟ್ಟಿ ಕತ್ತರಿಸಿ, ರೆಡಿಮೇಡ್ ನೈಲಾನ್ ಲಾಡಿ ಹಾಕಿದರೆ ನೆರಿಗೆ ಜಾರುತ್ತದೆ.