ಪದಚರ್ಚೆ: ಫಿನ್ಲೆಂಡಿನ 'ನೆಉವೊಲಾ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವೆ ಯುರೋಪಿನಲ್ಲಿ ತಾಯಿ-ಮಗುವಿನ ಆರೋಗ್ಯ ಹೇಗೆ ಸುಧಾರಿಸ್ತು ಅಂತ ಒಂದು ಲೇಖನ ಬರೀತಿದೀನಿ, ಫಿನ್ಲೆಂಡಿಗೆ ಬಂದು ಒಂದು ಪದದ ಹತ್ರ ಸಿಕ್ಕಾಕ್ಕೊಂಡಿದೀನಿ. ಹೆಲ್ಸಿಂಕಿಯಲ್ಲಿ 1922ರಲ್ಲಿ ಮಕ್ಕಳ ಡಾಕ್ಟ್ರು ಆರ್ವೋ ಯುಲ್ಪ್ಯೊ ಮುಂತಾದವರು ಶುರು ಮಾಡಿದ, ತಾಯಿ-ಮಗುವಿನ ಆರೋಗ್ಯ ನೋಡಿ ಸಲಹೆ ಕೊಡೋ ಜಾಗಕ್ಕೆ ಅಲ್ಲಿನವರು 'ನೆಉವೊಲಾ' ಅಂತಾರೆ. ನೆಉವೊ ಅಂದ್ರೆ ಸಲಹೆ, ಕೊನೇಲಿರೋ 'ಲಾ' ಜಾಗ ಸೂಚಿಸೋ ಪ್ರತ್ಯಯ. ಆಸ್ಪತ್ರೆಗೆ ಅವರಲ್ಲಿ 'ಸೈರಾಲಾ', ಅದು 'ಕಾಯಿಲೆ' ಅನ್ನೋ ಪದದಿಂದಾನೇ ಹುಟ್ಟಿದ್ದು. ಅಂದ್ರೆ ಕಾಯಿಲೆಯವರ ಜಾಗ ಬೇರೆ, ಸಲಹೆಯ ಜಾಗ ಬೇರೆ ಅನ್ನೋದು ಹೆಸರಲ್ಲೇ ಗೊತ್ತಾಗತ್ತೆ, ನನಗೆ ಬೇಕಾಗಿರೋದು ಅದೇ.

'ಕ್ಲಿನಿಕ್' ಅಂದ್ರೆ ನಮ್ಮೋರಿಗೆ ಜ್ವರ, ಇಂಜೆಕ್ಷನ್ನು. 'ಹೆರಿಗೆ ಆಸ್ಪತ್ರೆ' ಅನ್ನೋಣ ಅಂದ್ರೆ ಇಲ್ಲಿ ಹೆರಿಗೆ ಮಾಡ್ಸಲ್ಲ, ಮಂಚಾನೂ ಇಲ್ಲ. ಮಗೂನ ಬಟ್ಟೆ ಬಿಚ್ಚಿ ತಕ್ಕಡೀಲಿಟ್ಟು ತೂಕ ನೋಡಿ ಬರ್ಕೊಂಡು, ಹಾಲು ಹೇಗೆ ಕುಡಿಸ್ತಿದೀಯ ಅಂತ ವಿಚಾರಿಸಿ ಕಳಿಸೋದು, ಅಷ್ಟೆ. ಇಂಗ್ಲೆಂಡಿನಲ್ಲೂ 1918ರಲ್ಲಿ ತಾಯಿ-ಮಕ್ಕಳ ಕಲ್ಯಾಣದ ಕಾನೂನಾದ ಮೇಲೆ ಹೆಚ್ಚಿದ ಶಿಶು ಕೇಂದ್ರಗಳಲ್ಲಿ ಸಾಮಾನ್ಯವಾಗಿ ಔಷಧ ಕೊಡ್ತಿರ್ಲಿಲ್ಲ, ಹುಷಾರಿಲ್ಲದ ಮಗು ಬಂದ್ರೆ ಬೇರೆ ಡಾಕ್ಟ್ರ ಹತ್ರ ಕಳಿಸ್ತಿದ್ರು, ಇಲ್ದಿದ್ರೆ ಊರಿನ ಡಾಕ್ಟ್ರುಗಳು ತಮ್ಮ ಪ್ರಾಕ್ಟೀಸಿಗೆ ಪೆಟ್ಟು ಬೀಳತ್ತೆ ಅಂತ ತಕರಾರು ತೆಗೀತಿದ್ರು.

'ಸಲಹಾ ಕೇಂದ್ರ' ಅರ್ಥಕ್ಕೆ ಸರಿ, ಆದ್ರೆ ಉದ್ಯೋಗ ಸಲಹೇನೋ ಸಾಲದ ಸಲಹೇನೋ ಅನ್ಸತ್ತೆ. 'ಬುದ್ಧಿಮಾತಿನ ಮನೆ' ಅಂತ ತಮಾಷೆಗೆ ಬರೆದೆ, ಆಮೇಲೆ ಯೋಚ್ನೆ ಮಾಡಿದ್ರೆ ಅದೇ ಹೆಚ್ಚು ನಿಜ ಅನ್ಸ್ತು, ಯಾಕಂದ್ರೆ ಆ ಕಾಲದ ಉಪದೇಶದಲ್ಲಿ ಗದರಿಕೆ ಕಮ್ಮಿ ಇರ್ಲಿಲ್ಲ. ನ್ಯೂಜಿಲೆಂಡಿನ ಡಾಕ್ಟ್ರು ಟ್ರೂಬಿ ಕಿಂಗ್ ಪಂಥದವರಂತೂ ಗಡಿಯಾರ ನೋಡ್ಕೊಂಡೇ ಹಾಲು ಕೊಡಿ, ಅತ್ತ ತಕ್ಷಣ ಎತ್ಕೋಬೇಡಿ ಅಂತಿದ್ರು, ನಮ್ಮಜ್ಜಿ ಕೇಳಿದ್ರೆ ಅವರಿಗೇ ನಾಲ್ಕು ಬುದ್ಧಿ ಹೇಳಿ ಕಳಿಸ್ತಿದ್ರು.

ಅಲ್ಲಿ ಕೆಲಸ ಮಾಡ್ತಿದ್ದ ಹೆಂಗಸಿಗೆ ಫಿನ್ನಿಶ್‌ನಲ್ಲಿ 'ತೆರ್ವೆಯ್ಸ್ಸಿಸರ್', ಪದಶಃ ಆರೋಗ್ಯ ಸಿಸ್ಟರ್. ಇದಕ್ಕೆ ಯೋಚ್ನೆ ಇಲ್ಲ, ನಮ್ಮಲ್ಲೂ ಮನೆಮನೆಗೆ ಬರೋರನ್ನ ಸಿಸ್ಟರ್ ಅಂತಾನೋ ನರ್ಸಮ್ಮ ಅಂತಾನೋ ಕರೀತೀವಲ್ಲ. 'ಆರೋಗ್ಯ ಸಂದರ್ಶಕಿ' ಅಂತ ಮಾತ್ರ ಬರೆಯಲ್ಲ, ಇಂಟರ್‌ವ್ಯೂ ಮಾಡೋಕೆ ಬಂದೋರ ಥರ ಕೇಳ್ಸತ್ತೆ.

ಇನ್ನೊಂದು, 1938ರಿಂದ ಅಲ್ಲಿ ಬಡ ತಾಯಂದಿರಿಗೆ ಸರ್ಕಾರ ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಡಬ್ಬ ಕೊಡೋಕೆ ಶುರು ಮಾಡ್ತು, ಎಷ್ಟೋ ಮಕ್ಕಳು ಮೊದಲ ದಿನಗಳಲ್ಲಿ ಮಲಗಿದ್ದೂ ಅದರಲ್ಲೇ. 1949ರಲ್ಲಿ ಅದು ಎಲ್ಲ ತಾಯಂದಿರಿಗೂ ಆಯ್ತು, ಬೇಕಂದ್ರೆ ಬಸುರಿಗೆ ನಾಲ್ಕು ತಿಂಗಳು ತುಂಬೋ ಮೊದಲೇ ಡಾಕ್ಟ್ರಿಗೋ ನೆಉವೊಲಾದಲ್ಲೋ ತೋರಿಸ್ಕೊಂಡಿರ್ಬೇಕಿತ್ತು. ಇದಕ್ಕೆ 'ಮಡಿಲು ಪೆಟ್ಟಿಗೆ' ಅಂತ ಇಡೋ ಮನಸ್ಸಿದೆ. ನಮ್ಮ ಸರ್ಕಾರದ 'ಮಡಿಲು ಕಿಟ್' ನೆನಪಾಗತ್ತೆ ಅನ್ನೋದು ನಿಜ, ಆದ್ರೆ ಮಡಿಲು ತುಂಬೋ ಮಾತು ಮೊದಲಿಂದ ಹೆಂಗಸರ ಬಾಯಲ್ಲೇ ಇರೋದ್ರಿಂದ ಆ ಹೆಸರು ನಿಲ್ಲತ್ತೆ ಅನ್ಸತ್ತೆ. ನೆಉವೊಲಾಗೂ ಅಂಥದ್ದೇ ಬೇಕು.

ಸದ್ಯಕ್ಕೆ 'ಬಸುರಿ-ಬಾಣಂತಿ ಸಲಹೆಮನೆ' ಅಂತ ಬರ್ಕೊಂಡಿದೀನಿ, ಉದ್ದ ಆಯ್ತು, ಮಗು ಬೇರೆ ಬಿಟ್ಟೋಯ್ತು. ಧಾರವಾಡ, ಮಂಗಳೂರು ಕಡೆಯ ಹಿರಿಯರು ಮಗೂನ ತೂಕ ಹಾಕ್ಸೋಕೆ ಕರ್ಕೊಂಡು ಹೋಗೋ ಜಾಗಕ್ಕೆ ಏನಂತಿದ್ರು? ಅಂಗನವಾಡಿ ಬರೋಕೆ ಮುಂಚಿನ ಮಾತು ಯಾವುದಾದ್ರೂ ಗೊತ್ತಿದ್ರೆ ತಿಳಿಸಿ.